"ಇನ್ನು ಹಾಡಬೇಡಿ" ಅನ್ನುವವರಿಗೆ ಒಂದು ಬಹಿರಂಗ ಪತ್ರ

ರಾಕ್ ಕೇಳುವ ಮಿತ್ರರೇ,

ಎಪ್ಪತ್ತೈದು ದಾಟಿದ ರಾಕ್ ಗಾಯಕರೊಬ್ಬರು ಹೊಸ ಆಲ್ಬಮ್ ಬರ್ತಿದೆ ಅಂತ ಹೇಳಿದರೆ ಸಾಕು, ನಿಮ್ಮಲ್ಲಿ ತುಂಬಾ ಜನರ ಬಾಯಲ್ಲಿ ಒಂದೇ ಮಾತು. "ಇನ್ನಾದ್ರೂ ಸಾಕು ಮಾಡಬಾರದಾ?" ಹಾಡು ಕೇಳುವ ಮೊದಲೇ ತೀರ್ಪು ಬಂದಿರುತ್ತದೆ. ದನಿ ಹೋಗಿದೆ, ಇರುವ ಮರ್ಯಾದೆ ಉಳಿಸಿಕೊಳ್ಳಲಿ, ಹೊಸಬರಿಗೆ ಜಾಗ ಬಿಡಲಿ, ಇದೆಲ್ಲಾ ದುಡ್ಡಿನ ಆಸೆ. ಈ ಮಾತುಗಳನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಈ ಪತ್ರ.

ನಾನು ಹೇಳಬೇಕಾದ್ದು ಇಷ್ಟೇ. ಟೂರ್ ಮಾಡುವುದು ಒಂದು ಕೆಲಸ, ರೆಕಾರ್ಡಿಂಗ್ ಮಾಡುವುದು ಬೇರೆಯೇ ಕೆಲಸ. ನೀವು ಎರಡನ್ನೂ ಒಂದೇ ಗಂಟು ಕಟ್ಟಿ "ನಿವೃತ್ತಿ" ಅಂತ ಹೆಸರಿಟ್ಟಿದ್ದೀರಿ. ಟೂರ್ ನಿಲ್ಲಿಸಿ ಅನ್ನುವುದಕ್ಕೆ ಬೇಕಾದಷ್ಟು ಕಾರಣಗಳಿವೆ, ಕೆಲವಕ್ಕೆ ನಾನೂ ಕೈ ಎತ್ತುತ್ತೇನೆ. ಆದರೆ ಒಬ್ಬ ಮನುಷ್ಯ ಒಂದು ಕೋಣೆಯಲ್ಲಿ ಮೈಕ್ ಮುಂದೆ ಕೂತು ಹಾಡುವುದನ್ನು ನಿಲ್ಲಿಸಬೇಕು ಅನ್ನುವ ಹಕ್ಕು ನಮಗೆ ಎಲ್ಲಿಂದ ಬಂತು?

ಗಂಟಲಿನ ವಿಷಯ ಮೊದಲು ಮುಗಿಸಿಬಿಡೋಣ. ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳು ಒಂದಕ್ಕೊಂದು ತಾಗಿ ಕಂಪಿಸಿದಾಗ ದನಿ ಹುಟ್ಟುತ್ತದೆ. ವಯಸ್ಸಾದಂತೆ ಅವುಗಳ ಒಳಗಿನ ಸ್ನಾಯು ತೆಳ್ಳಗಾಗುತ್ತದೆ. ತಂತುಗಳು ನಡುವೆ ಬಾಗಿ, ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆ ಸಂದಿಯಿಂದ ಗಾಳಿ ಸೋರುತ್ತದೆ. ವಯಸ್ಸಾದವರ ದನಿಯಲ್ಲಿ ಉಸಿರಿನ ಸದ್ದು ಜಾಸ್ತಿ ಕೇಳುವುದು ಅದಕ್ಕೇ. ಸುತ್ತಲಿನ ಮೃದ್ವಸ್ಥಿ ನಿಧಾನವಾಗಿ ಗಟ್ಟಿಯಾಗುತ್ತದೆ. ಗಂಟಲಿನ ತೇವ ಕಡಿಮೆಯಾಗುತ್ತದೆ. ಎದೆಗೂಡು ಮೊದಲಿನಷ್ಟು ಹಿಗ್ಗುವುದಿಲ್ಲ, ಉದ್ದದ ಸಾಲು ಒಂದೇ ಉಸಿರಲ್ಲಿ ಮುಗಿಯುವುದಿಲ್ಲ. ಎಲ್ಲಕ್ಕಿಂತ ಮೊದಲು ಕೈ ಕೊಡುವುದು ಮೇಲಿನ ಸ್ಥಾಯಿ.

ರಾಕ್ ಗಾಯಕರಿಗೆ ಈ ಪೆಟ್ಟು ಬೇರೆಯವರಿಗಿಂತ ಜೋರಾಗಿ ಬೀಳುತ್ತದೆ. ಯಾಕೆಂದರೆ ಇಪ್ಪತ್ತೈದರ ವಯಸ್ಸಿನಲ್ಲಿ ಅವರು ಹಾಡು ಕಟ್ಟಿದ್ದೇ ತಮ್ಮ ದನಿಯ ತುತ್ತತುದಿಯಲ್ಲಿ. ಡೀಪ್ ಪರ್ಪಲ್ ತಂಡದ ಇಯಾನ್ ಗಿಲನ್ 1970ರಲ್ಲಿ 'ಚೈಲ್ಡ್ ಇನ್ ಟೈಮ್' ಹಾಡಿದಾಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಆ ಕಿರುಚು ಯಾರ ಗಂಟಲಲ್ಲೂ ಜೀವಮಾನವಿಡೀ ನಿಲ್ಲುವಂಥದ್ದಲ್ಲ. ಅವರು ಅದನ್ನು ಸ್ಟೇಜ್ ಮೇಲೆ ಹಾಡುವುದು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಅದೇ ಗಿಲನ್ 2024ರಲ್ಲಿ, 78ನೇ ವಯಸ್ಸಿನಲ್ಲಿ, ತಂಡದ ಜೊತೆ ಹೊಸ ಆಲ್ಬಮ್ ತಂದರು. ಈಗಿನ ಗಂಟಲಿಗೆ ಎಟುಕುವ ಹಾಡುಗಳನ್ನು ಈಗ ಕಟ್ಟಿ ಹಾಡಿದರು. ಇದರಲ್ಲಿ ನಾಚಿಕೆ ಪಡುವಂಥದ್ದು ನನಗಂತೂ ಏನೂ ಕಾಣುತ್ತಿಲ್ಲ.

ಸ್ಟೇಜ್ ಬೇರೆ, ಸ್ಟುಡಿಯೋ ಬೇರೆ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಸ್ಟೇಜ್ ಹಳೆಯ ದನಿಯನ್ನು ಕೇಳುತ್ತದೆ. ಸಾವಿರಾರು ಜನ ದುಡ್ಡು ಕೊಟ್ಟು ಬಂದಿರುವುದು 1970ರ ದಶಕದ ಹಾಡಿಗೆ, ಅದೇ ಎತ್ತರದಲ್ಲಿ, ಅದೇ ವೇಗದಲ್ಲಿ. ಡ್ರಮ್ಸ್ ಮತ್ತು ಗಿಟಾರಿನ ಅಬ್ಬರದ ಮೇಲೆ ದನಿ ಎತ್ತಬೇಕು. ನಾಳೆ ಇನ್ನೊಂದು ಊರು, ನಾಡಿದ್ದು ಮತ್ತೊಂದು. ಗಂಟಲಿಗೆ ರಜೆ ಇಲ್ಲ. ಸ್ಟುಡಿಯೋದಲ್ಲಿ ಈ ಯಾವ ಕಾಟವೂ ಇಲ್ಲ. ಮೈಕ್ ಬಾಯಿಯ ಹತ್ತಿರವೇ ಇರುತ್ತದೆ. ಪಿಸುಮಾತೂ ದಾಖಲಾಗುತ್ತದೆ. ಇವತ್ತು ದನಿ ಚೆನ್ನಾಗಿಲ್ಲ ಅಂದ್ರೆ ಮನೆಗೆ ಹೋಗಿ ಮಲಗಬಹುದು. ಒಂದು ಸಾಲನ್ನು ಹತ್ತು ಸಲ ಹಾಡಿ, ಒಳ್ಳೆಯದನ್ನು ಆರಿಸಿಕೊಳ್ಳಬಹುದು. ಹಾಗೆ ಆರಿಸಿ ಜೋಡಿಸುವುದು ಮೋಸ ಅಂತ ನೀವು ಅಂದರೆ, ನಿಮಗೆ ಇಷ್ಟವಾದ ಹಳೆಯ ಆಲ್ಬಮ್‌ಗಳಲ್ಲೂ ಎಷ್ಟೋ ಹಾಗೇ ಆದದ್ದು. ಆಗ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ.

ಟೂರ್ ಅಪಾಯದ ಕೆಲಸ ಅನ್ನುವುದನ್ನು ನಾನು ಒಪ್ಪುತ್ತೇನೆ. ಟಾಮ್ ಪೆಟ್ಟಿ 2017ರಲ್ಲಿ ಸೊಂಟದ ಕೀಲು ಬಿರುಕು ಬಿಟ್ಟಿದ್ದರೂ ಟೂರ್ ಮುಗಿಸಿದರು. ಕೊನೆಯ ಕಾರ್ಯಕ್ರಮ ಸೆಪ್ಟೆಂಬರ್ 25ಕ್ಕೆ, ಲಾಸ್ ಏಂಜಲೀಸ್‌ನಲ್ಲಿ. ಒಂದು ವಾರಕ್ಕೆ, ಅಕ್ಟೋಬರ್ 2ಕ್ಕೆ, ಅವರು ತೀರಿಕೊಂಡರು. ನೋವಿನ ಮಾತ್ರೆ ಮತ್ತಿತರ ಔಷಧಗಳು ಮಿತಿಮೀರಿ ಆದ ಸಾವು. ವಯಸ್ಸು 66. ಇಂಥದ್ದು ನೋಡಿದ ಮೇಲೆ "ಟೂರ್ ಬೇಡ, ಮನೇಲಿರಿ" ಅಂದರೆ ಅದು ಕಾಳಜಿಯ ಮಾತು. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಟೂರ್ ಬಿಟ್ಟವರೆಲ್ಲಾ ಹಾಡನ್ನೂ ಬಿಟ್ಟರಾ ನೋಡಿ. ಎಲ್ಟನ್ ಜಾನ್ 2023ರ ಜುಲೈ 8ರಂದು ಸ್ಟಾಕ್‌ಹೋಮ್‌ನಲ್ಲಿ ತಮ್ಮ ವಿದಾಯದ ಟೂರ್ ಮುಗಿಸಿದರು. ಆಮೇಲೆ ಸೋಂಕಿನಿಂದ ಒಂದು ಕಣ್ಣಿನ ದೃಷ್ಟಿ ಹೋಯಿತು. 2025ರಲ್ಲಿ ಗಾಯಕಿ ಬ್ರ್ಯಾಂಡಿ ಕಾರ್ಲೈಲ್ ಜೊತೆ ಪೂರ್ತಿ ಹೊಸ ಆಲ್ಬಮ್ ತಂದರು. ಏರೋಸ್ಮಿತ್‌ನ ಸ್ಟೀವನ್ ಟೈಲರ್‌ಗೆ 2023ರ ಸೆಪ್ಟೆಂಬರಿನಲ್ಲಿ ಹಾಡುವಾಗಲೇ ಗಂಟಲಿಗೆ ಪೆಟ್ಟಾಯಿತು. ಧ್ವನಿಪೆಟ್ಟಿಗೆಯೇ ಬಿರುಕು ಬಿಟ್ಟಿತ್ತು. ಮುಂದಿನ ವರ್ಷ ತಂಡ ಟೂರಿಗೆ ಪೂರ್ಣವಿರಾಮ ಹಾಕಿತು. ಕಥೆ ಮುಗೀತು ಅಂದುಕೊಂಡೆವು. 2025ರ ಕೊನೆಗೆ ಅವರ ಮೊಮ್ಮಗನ ವಯಸ್ಸಿನ ಗಾಯಕ ಯಂಗ್‌ಬ್ಲಡ್ ಜೊತೆ ಅದೇ ತಂಡದ ಹೊಸ ಹಾಡುಗಳು ಬಂದವು.

ಇನ್ನು ಓಝಿ ಆಸ್ಬೋರ್ನ್. ನಿವೃತ್ತಿಯ ವಿಷಯದಲ್ಲಿ ಈ ಪುಣ್ಯಾತ್ಮನಷ್ಟು ತಮಾಷೆ ಮಾಡಿದವರು ಇನ್ನೊಬ್ಬರಿಲ್ಲ. 1992ರಲ್ಲೇ 'ನೋ ಮೋರ್ ಟೂರ್ಸ್' ಅಂತ ಹೆಸರಿಟ್ಟು ವಿದಾಯ ಹೇಳಿದರು. ಮೂರು ವರ್ಷಕ್ಕೆ ವಾಪಸ್ ಬಂದರು. ಆ ಟೂರಿನ ಹೆಸರಲ್ಲೇ ನಿವೃತ್ತಿಯನ್ನು ಬೈದಿದ್ದರು. ಆದರೆ ಕೊನೆಯ ವರ್ಷಗಳು ತಮಾಷೆಯಾಗಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ, ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗಳು. 2023ರ ಫೆಬ್ರವರಿಯ ಮೊದಲ ವಾರ, ಇನ್ನು ಟೂರ್ ಮಾಡುವಷ್ಟು ಶಕ್ತಿ ಮೈಯಲ್ಲಿಲ್ಲ ಅಂತ ಅವರೇ ಹೇಳಿದರು. ಅದೇ ವಾರ ಅವರ 2022ರ ಆಲ್ಬಮ್‌ಗೆ ವರ್ಷದ ರಾಕ್ ಆಲ್ಬಮ್ ಅಂತ ಗ್ರ್ಯಾಮಿ ಪ್ರಶಸ್ತಿ ಬಂತು. ನಿಲ್ಲಲು ಕಾಲಿಗೆ ಶಕ್ತಿ ಇಲ್ಲದ ಮನುಷ್ಯ ವರ್ಷದ ಅತ್ಯುತ್ತಮ ರಾಕ್ ರೆಕಾರ್ಡ್ ಮಾಡಿದ್ದ! 2025ರ ಜುಲೈ 5ರಂದು ಹುಟ್ಟೂರು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ, ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಕೊನೆಯ ಸಲ ಹಾಡಿದರು. ಜುಲೈ 22ಕ್ಕೆ ಹೋಗಿಬಿಟ್ಟರು.

"ದನಿ ಹೋದ ಮೇಲೆ ಹಾಡೇನು" ಅನ್ನುವವರಿಗೆ ನಾನು ಹೇಳುವುದು ಜಾನಿ ಕ್ಯಾಶ್ ಹೆಸರು. ಅವರು ಕಂಟ್ರಿ ಗಾಯಕ ಅಲ್ವಾ ಅಂತ ಅಡ್ಡ ಬರಬೇಡಿ. ಎಲ್ವಿಸ್ ಶುರು ಮಾಡಿದ ಮೆಂಫಿಸ್‌ನ ಅದೇ ಸನ್ ಸ್ಟುಡಿಯೋದಿಂದ ಬಂದವರು. 1992ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದವರು. 1980ರ ದಶಕದ ನಡುವೆ ಅವರ ರೆಕಾರ್ಡ್ ಕಂಪನಿ ಅವರನ್ನು ಕೈಬಿಟ್ಟಿತು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಅಲ್ಲಿದ್ದವರನ್ನು! ಆಗ ಅವರಿಗೆ ಇನ್ನೂ ಐವತ್ತನಾಲ್ಕು. ಎಲ್ಲರ ಲೆಕ್ಕದಲ್ಲಿ ಕ್ಯಾಶ್ ಮುಗಿದ ಅಧ್ಯಾಯ. ಆಮೇಲೆ ರಿಕ್ ರೂಬಿನ್ ಬಂದರು. ಹಿಪ್ ಹಾಪ್ ಮತ್ತು ಮೆಟಲ್ ರೆಕಾರ್ಡ್‌ಗಳಿಂದ ಹೆಸರು ಮಾಡಿದ ನಿರ್ಮಾಪಕ. ಅವರು ಕ್ಯಾಶ್‌ರನ್ನು ತಮ್ಮ ಮನೆಯಲ್ಲಿ ಕೂರಿಸಿ, ಒಂದು ಗಿಟಾರ್ ಕೊಟ್ಟು, ನಿಮಗಿಷ್ಟವಾದದ್ದು ಹಾಡಿ ಅಂದರು. ತಂಡವಿಲ್ಲ, ಅಲಂಕಾರವಿಲ್ಲ. 1994ರಲ್ಲಿ ಆ ಆಲ್ಬಮ್ ಬಂದಾಗ ಕ್ಯಾಶ್‌ಗೆ 62.

ಅದಾದ ಮೇಲೆ ಅವರ ಆರೋಗ್ಯ ಕೆಡುತ್ತಲೇ ಹೋಯಿತು. ಟೂರ್ ನಿಂತಿತು. ರೆಕಾರ್ಡಿಂಗ್ ನಿಲ್ಲಲಿಲ್ಲ. 2002ರಲ್ಲಿ ನೈನ್ ಇಂಚ್ ನೇಲ್ಸ್ ತಂಡದ ಟ್ರೆಂಟ್ ರೆಜ್ನರ್ ಬರೆದ 'ಹರ್ಟ್' ಹಾಡನ್ನು ಹಾಡಿದರು. ರೆಜ್ನರ್ ಅದನ್ನು ಬರೆದಾಗ ಅವರಿಗೆ ಮೂವತ್ತೂ ಆಗಿರಲಿಲ್ಲ. ಅವರ ಬಾಯಲ್ಲಿ ಅದು ತನ್ನನ್ನೇ ಹಾಳುಮಾಡಿಕೊಳ್ಳುತ್ತಿರುವ ಹುಡುಗನ ಹಾಡು. ಎಪ್ಪತ್ತರ ಕ್ಯಾಶ್ ಬಾಯಲ್ಲಿ ಅದೇ ಸಾಲುಗಳು ಹಿಂತಿರುಗಿ ನೋಡುವ ಮುದುಕನ ಹಾಡಾದವು. ದನಿ ನಡುಗುತ್ತದೆ. ಉಸಿರು ಸಾಲದೆ ಸಾಲಿನ ಕೊನೆ ಕುಸಿಯುತ್ತದೆ. ಆ ನಡುಕ ತೆಗೆದು, ನಲವತ್ತರ ಕ್ಯಾಶ್ ದನಿಯನ್ನು ಅಲ್ಲಿ ಕೂರಿಸಿದರೆ ಹಾಡು ಅರ್ಧ ಸತ್ತುಹೋಗುತ್ತದೆ. 2003ರ ಮೇ ತಿಂಗಳಲ್ಲಿ ಹೆಂಡತಿ ಜೂನ್ ತೀರಿಕೊಂಡರು. ಕ್ಯಾಶ್ ಮತ್ತೆ ಸ್ಟುಡಿಯೋಗೆ ಹೋದರು. ಕೆಲಸ ಇಲ್ಲದಿದ್ದರೆ ಬದುಕುವುದು ಕಷ್ಟ ಅನ್ನುವ ಸ್ಥಿತಿ. ಸೆಪ್ಟೆಂಬರ್ 12ಕ್ಕೆ ಅವರೂ ಹೋದರು. ಕೊನೆಯ ತಿಂಗಳುಗಳಲ್ಲಿ ಹಾಡಿದ್ದು ಆಮೇಲೆ, 2006 ಮತ್ತು 2010ರಲ್ಲಿ, ಎರಡು ಆಲ್ಬಮ್ ಆಗಿ ಬಂತು. 2003ರಲ್ಲಿ ಅವರ ಮನೆ ಬಾಗಿಲಿಗೆ ಹೋಗಿ "ಸಾಕು ಮಾಡಿ ಅಜ್ಜ" ಅನ್ನುವ ಧೈರ್ಯ ನಿಮ್ಮಲ್ಲಿ ಯಾರಿಗಿತ್ತು?

ಇಂಥ ಉದಾಹರಣೆ ಒಂದೇ ಅಲ್ಲ. ಡೇವಿಡ್ ಬೋವಿ 2004ರಲ್ಲಿ ಟೂರ್ ಮಧ್ಯೆ ಹೃದಯದ ತೊಂದರೆಯಾಗಿ ಆಸ್ಪತ್ರೆ ಸೇರಿದರು. ಮತ್ತೆ ಟೂರ್ ಮಾಡಲೇ ಇಲ್ಲ. ಎಷ್ಟೋ ವರ್ಷ ಸುದ್ದಿಯೇ ಇರಲಿಲ್ಲ, ನಿವೃತ್ತರಾದರು ಅಂತಲೇ ಎಲ್ಲರೂ ಮಾತಾಡಿಕೊಂಡರು. 2013ರಲ್ಲಿ ಸದ್ದಿಲ್ಲದೆ ಒಂದು ಆಲ್ಬಮ್ ಬಂತು. ಆಮೇಲೆ ಕ್ಯಾನ್ಸರ್. ಅದರ ನಡುವೆಯೇ ನ್ಯೂಯಾರ್ಕಿನ ಜಾಝ್ ವಾದಕರನ್ನು ಕಟ್ಟಿಕೊಂಡು 'ಬ್ಲ್ಯಾಕ್‌ಸ್ಟಾರ್' ಮಾಡಿದರು. 2016ರ ಜನವರಿ 8ರಂದು, 69ನೇ ಹುಟ್ಟುಹಬ್ಬಕ್ಕೆ, ಅದು ಬಿಡುಗಡೆಯಾಯಿತು. ಜನವರಿ 10ಕ್ಕೆ ಅವರಿಲ್ಲ. ಅಷ್ಟು ದೊಡ್ಡ ಹೆಸರಿನ ಬೋವಿಗೆ ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಈ ಕೊನೆಯ ಆಲ್ಬಮ್‌ನಿಂದಲೇ, ಮೊದಲ ಬಾರಿಗೆ. ಅದೇ ವರ್ಷ ಲಿಯೊನಾರ್ಡ್ ಕೋಹೆನ್. ಬೆನ್ನುನೋವಿನಿಂದ ಎದ್ದು ಓಡಾಡಲಾಗದೆ, ಮನೆಯಲ್ಲೇ ಕುರ್ಚಿಯಲ್ಲಿ ಕೂತು, ಮಗ ಆಡಮ್ ಇಟ್ಟ ಮೈಕ್‌ಗೆ ಹಾಡಿದರು. ಆಲ್ಬಮ್ ಬಂದದ್ದು ಅಕ್ಟೋಬರ್ 21ಕ್ಕೆ, ಅವರು ತೀರಿಕೊಂಡದ್ದು ನವೆಂಬರ್ 7ಕ್ಕೆ. ವಯಸ್ಸು 82.

ಸಾವಿನ ಅಂಚಿನ ಆಲ್ಬಮ್‌ಗಳನ್ನೇ ಹೇಳಿ ನಿಮ್ಮ ಮನಸ್ಸು ಕರಗಿಸುತ್ತಿದ್ದೇನೆ ಅಂತ ಅಂದುಕೊಳ್ಳಬೇಡಿ. ಸಾಯುವ ಯೋಚನೆಯೇ ಇಲ್ಲದ ಮುದುಕರೂ ಇದ್ದಾರೆ. ರೋಲಿಂಗ್ ಸ್ಟೋನ್ಸ್ 2005ರ ನಂತರ ತಮ್ಮದೇ ಹೊಸ ಹಾಡುಗಳ ಆಲ್ಬಮ್ ತಂದದ್ದು 2023ರಲ್ಲಿ. ಮಿಕ್ ಜ್ಯಾಗರ್‌ಗೆ ಆಗ 80. ಹೃದಯದ ಕವಾಟದ ಚಿಕಿತ್ಸೆ ಆಗಿ ನಾಲ್ಕು ವರ್ಷವಾಗಿತ್ತು. ಆ ಆಲ್ಬಮ್ ನನಗೆ ಅಷ್ಟೇನೂ ಹಿಡಿಸಲಿಲ್ಲ, ತುಂಬಾ ಪಾಲಿಶ್ ಮಾಡಿದ ಹಾಗಿದೆ. ಆದರೆ ದನಿಯಲ್ಲಿ ತಪ್ಪು ಹುಡುಕಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ಬಾಬ್ ಡಿಲನ್ 78ನೇ ವಯಸ್ಸಿನಲ್ಲಿ, 2020ರಲ್ಲಿ, ಸುಮಾರು 17 ನಿಮಿಷದ ಒಂದು ಹಾಡು ಬಿಟ್ಟರು. ಅವರ ದನಿ ಹೋಗಿದೆ ಅಂತ ಜನ ಐವತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ, ಅದು ಬೇರೆ ಮಾತು.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ವಯಸ್ಸಾದ ಗಾಯಕರ ಎಷ್ಟೋ ರೆಕಾರ್ಡ್‌ಗಳು ಬೋರು. ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಹಳೆಯ ಹಿಟ್ ಹಾಡುಗಳನ್ನೇ ಈಗಿನ ದನಿಯಲ್ಲಿ ಮತ್ತೆ ಹಾಡಿ, ಹಿಂದೆ ಪಿಟೀಲುಗಳ ಸಾಲು ನಿಲ್ಲಿಸಿ ಮಾರುವುದು. ಅಲ್ಲಿ ಗಾಯಕರು ತಮ್ಮ ಜೊತೆ ತಾವೇ ಪಂದ್ಯಕ್ಕೆ ನಿಂತು ಸೋಲುತ್ತಾರೆ. ಆ ಹಾಡಿನ ಎತ್ತರ ಇಪ್ಪತ್ತೈದರ ಗಂಟಲಿಗೆ ಹೊಲಿದದ್ದು. ಎರಡನೆಯದು, ಕಂಪ್ಯೂಟರಿನಿಂದ ಶ್ರುತಿ ತಿದ್ದಿ ತಿದ್ದಿ ದನಿಯ ಸುಕ್ಕೆಲ್ಲಾ ಅಳಿಸಿಬಿಡುವುದು. ಆಗ ಮನುಷ್ಯ ಯಾರು ಅಂತಲೇ ಗೊತ್ತಾಗುವುದಿಲ್ಲ. ಆದರೆ ಈ ಎರಡೂ ಆಯ್ಕೆಯ ತಪ್ಪುಗಳು. ಹೊಸ ಹಾಡು ಬರೆಯಿರಿ, ಶ್ರುತಿ ಇಳಿಸಿಕೊಳ್ಳಿ, ನಡುಗುವುದನ್ನು ಹಾಗೇ ಬಿಡಿ ಅಂತ ನಾವು ಕೇಳಬಹುದು. "ಹಾಡಲೇಬೇಡಿ" ಅನ್ನುವುದಕ್ಕೂ ಇದಕ್ಕೂ ತುಂಬಾ ದೂರ.

ಹೊಸಬರಿಗೆ ಜಾಗ ಬಿಡಲಿ ಅನ್ನುವ ಮಾತು ನೋಡೋಣ. ಅಮೆರಿಕದಲ್ಲಿ ಈಗ ಜನ ಕೇಳುವ ಸಂಗೀತದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು, ಬಿಡುಗಡೆಯಾಗಿ ಒಂದೂವರೆ ವರ್ಷ ದಾಟಿದ ಹಾಡುಗಳೇ. ಅಂದರೆ ಹೊಸಬರ ಜಾಗ ತಿನ್ನುತ್ತಿರುವುದು ಹಳಬರ ಹೊಸ ಆಲ್ಬಮ್ ಅಲ್ಲ, ಅವರ ಹಳೆಯ ಹಾಡುಗಳು. ಅವನ್ನು ದಿನಾ ಹಾಕಿಕೊಂಡು ಕೇಳುತ್ತಿರುವವರು ಯಾರು? ನಾವೇ ಅಲ್ವಾ! ದುಡ್ಡಿನ ಕಥೆಯೂ ಅದೇ. 2021ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ಹಾಡುಗಳ ಹಕ್ಕನ್ನೆಲ್ಲಾ ಸೋನಿಗೆ ಮಾರಿದಾಗ ಸುಮಾರು 50 ಕೋಟಿ ಡಾಲರ್ ಬಂತು ಅಂತ ವರದಿಯಾಯಿತು. ದುಡ್ಡಿರುವುದು ಅಲ್ಲಿ, ಮತ್ತು ಟೂರಿನಲ್ಲಿ. ಸ್ಟ್ರೀಮಿಂಗ್ ಕಾಲದಲ್ಲಿ ಎಂಬತ್ತರ ಗಾಯಕರೊಬ್ಬರು ಹೊಸ ಆಲ್ಬಮ್ ಮಾಡಿ ಗಳಿಸುವುದು ಅಷ್ಟರಲ್ಲೇ ಇದೆ. ದುಡ್ಡಿನಾಸೆಯವರು ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂರುವುದಿಲ್ಲ.

ನನಗೆ ಇನ್ನೂ ಒಂದು ಅರ್ಥವಾಗದ ವಿಷಯವಿದೆ. ರಾಕ್ ಹುಟ್ಟಿದ್ದೇ ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನಿಂದ. ಬ್ಲೂಸ್‌ನಲ್ಲಿ ಈ ಪ್ರಶ್ನೆಯೇ ಇಲ್ಲ. ಜಾನ್ ಲೀ ಹೂಕರ್ ಎಪ್ಪತ್ತು ದಾಟಿದ ಮೇಲೆ, 1989ರಲ್ಲಿ, ತಮ್ಮ ಅತಿ ಹೆಚ್ಚು ಹೆಸರಾದ ಆಲ್ಬಮ್‌ಗಳಲ್ಲಿ ಒಂದನ್ನು ಮಾಡಿದರು. ಬಿ.ಬಿ. ಕಿಂಗ್ 89ಕ್ಕೆ ಕಾಲಿಟ್ಟಾಗಲೂ ಗಿಟಾರ್ ಕೆಳಗಿಟ್ಟಿರಲಿಲ್ಲ. ಅಲ್ಲಿ ವಯಸ್ಸು ಗಾಯಕನ ತೂಕ ಹೆಚ್ಚಿಸುತ್ತದೆ. ರಾಕ್‌ನಲ್ಲಿ ಮಾತ್ರ ಅದು ಅಪರಾಧ. ಯಾಕೆಂದರೆ ನಾವು ಆ ಗಾಯಕರನ್ನು ನಮ್ಮ ಹದಿನೆಂಟರ ಫೋಟೋದ ಜೊತೆ ಅಂಟಿಸಿಟ್ಟಿದ್ದೇವೆ. ಅವರ ದನಿ ನಡುಗಿದರೆ ನಮಗೆ ನಮ್ಮ ವಯಸ್ಸು ನೆನಪಾಗುತ್ತದೆ, ಸಿಟ್ಟು ಬರುತ್ತದೆ.

ಇದು ಸುಮ್ನೆ ಹೇಳುತ್ತಿಲ್ಲ. ಲೆಡ್ ಜೆಪ್ಪೆಲಿನ್ ತಂಡದ ಗಾಯಕ ರಾಬರ್ಟ್ ಪ್ಲಾಂಟ್ ವಿಷಯದಲ್ಲಿ ಏನಾಯಿತು ನೋಡಿ. 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಆ ತಂಡ ಒಂದೇ ಒಂದು ರಾತ್ರಿಗೆ ಮತ್ತೆ ಒಟ್ಟಾಯಿತು. ಟಿಕೆಟಿಗೆ ಜಗತ್ತೇ ಮುಗಿಬಿತ್ತು. ಆಮೇಲೆ ಪ್ರಪಂಚ ಪೂರ್ತಿ ಟೂರ್ ಮಾಡಿ ಅಂತ ಒತ್ತಾಯ. ಪ್ಲಾಂಟ್ ಒಪ್ಪಲಿಲ್ಲ. ಆಗ ತಾನೇ ಗಾಯಕಿ ಆಲಿಸನ್ ಕ್ರೌಸ್ ಜೊತೆ ತಗ್ಗಿದ ದನಿಯಲ್ಲಿ, ಹಳೆಯ ಅಮೆರಿಕನ್ ಹಾಡುಗಳ ಒಂದು ಆಲ್ಬಮ್ ಮಾಡಿದ್ದರು. ಅದರ ಬೆನ್ನಿಗೇ ಹೋದರು. 2009ರಲ್ಲಿ ಅದಕ್ಕೆ ವರ್ಷದ ಆಲ್ಬಮ್ ಗ್ರ್ಯಾಮಿ ಬಂತು. 2025ರಲ್ಲಿ, 77ರಲ್ಲಿ, ಮತ್ತೊಂದು ಮೆಲುದನಿಯ ಆಲ್ಬಮ್. "ಮುದುಕರು ನಿಲ್ಲಿಸಲಿ" ಅನ್ನುವ ಜನರೇ ಪ್ಲಾಂಟ್‌ಗೆ ಹದಿನೈದು ವರ್ಷ ದುಂಬಾಲು ಬಿದ್ದರು, ಬಾ, 1971ರ ಹಾಗೆ ಕಿರುಚು ಅಂತ. ಹಾಗಾದರೆ ನಿಮಗೆ ಬೇಕಾದದ್ದು ಗಾಯಕ ನಿಲ್ಲಿಸುವುದೂ ಅಲ್ಲ, ಮುಂದುವರಿಸುವುದೂ ಅಲ್ಲ. ಕಾಲ ನಿಲ್ಲಬೇಕು. ಅದು ಅವರ ಕೈಯಲ್ಲಿಲ್ಲ.

ನಿಲ್ಲಿಸಿದವರ ಬಗ್ಗೆಯೂ ಹೇಳಲೇಬೇಕು. ಲಿಂಡಾ ರಾನ್‌ಸ್ಟಾಟ್ 2009ರಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟರು. 2013ರಲ್ಲಿ ತಮಗೆ ಪಾರ್ಕಿನ್ಸನ್, ಹಾಡಲು ಆಗುವುದೇ ಇಲ್ಲ ಅಂತ ಹೇಳಿದರು. ಅದು ಅದರ ಹತ್ತಿರದ ಬೇರೆ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ಜೆಫರ್ಸನ್ ಏರ್‌ಪ್ಲೇನ್‌ನ ಗ್ರೇಸ್ ಸ್ಲಿಕ್ ಐವತ್ತರ ಆಸುಪಾಸಿನಲ್ಲೇ ರಾಕ್ ಬಿಟ್ಟು ಚಿತ್ರ ಬರೆಯಲು ಕೂತರು. ಇಬ್ಬರದೂ ಸರಿ. ನನ್ನ ಪತ್ರ ಎಲ್ಲರೂ ಸಾಯುವವರೆಗೆ ಹಾಡಲಿ ಅನ್ನುವ ಆಜ್ಞೆಯಲ್ಲ. ಗಂಟಲು ಅವರದು, ತೀರ್ಮಾನವೂ ಅವರದು. ತೀರ್ಮಾನ ಮಾಡುವ ಶಕ್ತಿಯೇ ಕಾಯಿಲೆಯಿಂದ ಹೋಗಿದ್ದರೆ, ಅವರ ಹೆಸರಲ್ಲಿ ಬೇರೆಯವರು ಮೈಕ್ ಹಿಡಿದು ಕೂತಿದ್ದರೆ, ಆಗ ನಾವು ಪ್ರಶ್ನೆ ಕೇಳಲೇಬೇಕು. ಆ ಪ್ರಶ್ನೆ ಗಾಯಕರಿಗಲ್ಲ, ಸುತ್ತಲಿನವರಿಗೆ.

ಕೊನೆಯದಾಗಿ, ನಿಮ್ಮ ಸಿಟ್ಟನ್ನು ಎಲ್ಲಿ ಬಳಸಬಹುದು ಅಂತ ಹೇಳುತ್ತೇನೆ. ಆಲ್ಬಮ್ ಯಾರನ್ನೂ ಕಟ್ಟಿಹಾಕುವುದಿಲ್ಲ. ಎರಡು ಹಾಡು ಕೇಳಿ, ಇಷ್ಟವಾಗದಿದ್ದರೆ ಬೆರಳಿನಿಂದ ಸರಿಸಿದರೆ ಮುಗೀತು. ಕಾರ್ಯಕ್ರಮ ಹಾಗಲ್ಲ. ಅಲ್ಲಿ ಕೇಳುವ ಮೊದಲೇ ದುಡ್ಡು ಕೊಟ್ಟಿರುತ್ತೀರಿ. ಒಂದು ದೊಡ್ಡ ಹೆಸರಿನ ಕಾರ್ಯಕ್ರಮದಲ್ಲಿ ಗಾಯಕರು ಮೈಕನ್ನು ಬಾಯಿಂದ ಇಳಿಸಿ ಜನರಿಗೆ ಕೈ ಬೀಸಿದರು. ದನಿ ಮಾತ್ರ ನಿಲ್ಲದೆ ಹಾಡುತ್ತಲೇ ಇತ್ತು. ಪಕ್ಕದಲ್ಲಿದ್ದವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹೆಸರು ಬೇಡ ಬಿಡಿ. ಅಂಥ ಕಡೆ ತಕರಾರು ಮಾಡಿ. ಶ್ರುತಿ ಇಳಿಸಿ ಹಾಡಿದರೆ, ಕುರ್ಚಿಯಲ್ಲಿ ಕೂತು ಹಾಡಿದರೆ ಚಪ್ಪಾಳೆ ಹೊಡೆಯಿರಿ. ಮೊದಲೇ ದಾಖಲಿಸಿದ ದನಿ ಹಾಕಿ ಬಾಯಿ ಆಡಿಸುವುದಾದರೆ, ಆಯೋಜಕರು ಅದನ್ನು ಟಿಕೆಟ್ ಮಾರುವ ಮೊದಲೇ ಹೇಳಬೇಕು. ಸಣ್ಣ ಅಕ್ಷರದಲ್ಲಾದರೂ ಸರಿ, ಟಿಕೆಟ್ ಮೇಲೇ ಬರೆದಿರಬೇಕು. ಇದನ್ನು ನಾವೆಲ್ಲಾ ಸೇರಿ ಕೇಳೋಣ, ನಾನೂ ಸಹಿ ಹಾಕುತ್ತೇನೆ.

ಇಂತಿ,
ನಿಮ್ಮ ಹಾಗೇ ವಯಸ್ಸಾಗುತ್ತಿರುವ ಒಬ್ಬ ಕೇಳುಗ